ಬಳಚಿನ ಚಿಪ್ಪು, ಕರಿದ ಎಣ್ಣೆ, ನ್ಯಾನೊ ಸುಣ್ಣ: ಕುಮಟಾದಲ್ಲಿ ನಾನು ಬಯೋಡೀಸೆಲ್ ಮಾಡಿದ ಅನುಭವ

ಕಳೆದ ಮಳೆಗಾಲವೂ ದಾಟಿತು, ಪಂಪ್ ನಿಲ್ಲಲಿಲ್ಲ. ನಮ್ಮ ಗಜನಿ (ಉಪ್ಪುನೀರು ಬರುವ ಗದ್ದೆ) ಬದಿಯ ಐದು ಎಚ್‌ಪಿ ಡೀಸೆಲ್ ಪಂಪ್‌ಸೆಟ್ ಈಗ ಪೂರ್ತಿ ಬಯೋಡೀಸೆಲ್‌ನಲ್ಲೇ, ಅಂದರೆ ಎಣ್ಣೆಗೆ ಮೆಥನಾಲ್ ಎಂಬ ಮದ್ಯಸಾರ ಸೇರಿಸಿ ಮಾಡಿದ ಇಂಧನದಲ್ಲೇ ಓಡುತ್ತದೆ. ವರ್ಕ್‌ಶಾಪಿನ ಜನರೇಟರ್ ಕೂಡ. ಎಣ್ಣೆ ಹೋಟೆಲಿನವರು ಮತ್ತು ಚಿಪ್ಸ್ ಮಾಡುವವರು ಕರಿದು ಬಿಟ್ಟದ್ದು. ಕ್ಯಾಟಲಿಸ್ಟ್, ಅಂದರೆ ಈ ಬದಲಾವಣೆಗೆ ವೇಗ ಕೊಡುವ ವಸ್ತು, ಅಘನಾಶಿನಿ ದಂಡೆಯಲ್ಲಿ ರಾಶಿ ಬಿದ್ದಿರುವ ಬಳಚಿನ (ಚಿಪ್ಪುಮೀನಿನ) ಚಿಪ್ಪಿನಿಂದ ನಾನೇ ಮಾಡಿದ, ಅತಿ ಸಣ್ಣ ಹರಳಿನ ನ್ಯಾನೊ ಸುಣ್ಣ. ಇದು ಆಗುವುದಿಲ್ಲ ಎಂದು ಹೇಳಿದವರು ಬಹಳ. ಓದಿದವರೂ ಹೇಳಿದರು, ಸುಣ್ಣ ಸುಟ್ಟೇ ಬದುಕಿದವರೂ ಹೇಳಿದರು. ಆಗಿದೆ. ಹೇಗೆ ಆಯಿತು ಎಂದು ಬರೆದಿಡುತ್ತೇನೆ.

ನಾನು ಬೋಟಿನ ಇಂಜಿನ್, ಪಂಪ್‌ಸೆಟ್ ರಿಪೇರಿ ಮಾಡುವವನು. ಬಿಎಸ್ಸಿಯಲ್ಲಿ ಕೆಮಿಸ್ಟ್ರಿ ಓದಿದ್ದೆ. ಇದನ್ನು ಓದುವವರು ಒಮ್ಮೆಯಾದರೂ ಬಯೋಡೀಸೆಲ್ ಮಾಡಿದವರೇ ಇರುತ್ತೀರಿ. ಎಣ್ಣೆಯ ಆಮ್ಲ ಅಳೆಯುವ ಟೈಟ್ರೇಶನ್ ಹೇಗೆ, ಡೀಸೆಲ್ ಜೊತೆಗೇ ಹುಟ್ಟುವ ಗ್ಲಿಸರಾಲ್ ಯಾಕೆ ಕೆಳಗೆ ಕೂರುತ್ತದೆ ಎಂದೆಲ್ಲ ಹೇಳಲು ಹೋಗುವುದಿಲ್ಲ.

ಕಾಸ್ಟಿಕ್ ಪೊಟ್ಯಾಶ್ ಎಂಬ ಕ್ಷಾರ ಹಾಕಿದರೆ ಒಂದು ಗಂಟೆಯಲ್ಲಿ ಮುಗಿಯುವ ಕೆಲಸಕ್ಕೆ ಚಿಪ್ಪು ಯಾಕೆ ಎಂದು ಕೇಳಬಹುದು. ಮೊದಲು ನಾನೂ ಕಾಸ್ಟಿಕ್‌ನಲ್ಲೇ ಮಾಡುತ್ತಿದ್ದೆ. ಡೀಸೆಲ್ ಚೆನ್ನಾಗಿಯೇ ಬರುತ್ತಿತ್ತು. ಆದರೆ ತೊಳೆದ ನೀರು? ಹತ್ತು ಲೀಟರ್ ಮಾಲಿಗೆ ಹತ್ತಿಪ್ಪತ್ತು ಲೀಟರ್ ಸಾಬೂನಿನ ನೀರು ಉಳಿಯುತ್ತದೆ. ಅದರಲ್ಲಿ ಮೆಥನಾಲ್, ಕಾಸ್ಟಿಕ್, ಗ್ಲಿಸರಾಲ್ ಎಲ್ಲ ಇರುತ್ತದೆ. ನಮ್ಮದು ಮರಳು ನೆಲ. ಬಾವಿ ನೀರು ಹತ್ತು ಹನ್ನೆರಡು ಅಡಿಯಲ್ಲೇ ಇದೆ. ಇಂಥ ಜಾಗದಲ್ಲಿ ಆ ನೀರನ್ನು ಎಲ್ಲಿ ಚೆಲ್ಲುವುದು? ಡೀಸೆಲ್ ಉಳಿಸಲು ಹೋಗಿ ಪಕ್ಕದ ಮನೆಯ ಬಾವಿ ಹಾಳು ಮಾಡುವುದಾದರೆ ಆ ಕೆಲಸವೇ ಬೇಡ. ಎಣ್ಣೆಯಲ್ಲಿ ಕರಗದೆ ಪುಡಿಯಾಗಿಯೇ ಉಳಿಯುವ, ಸೋಸಿ ತೆಗೆದು ಮತ್ತೆ ಬಳಸಬಹುದಾದ ಕ್ಯಾಟಲಿಸ್ಟ್ ನನಗೆ ಬೇಕಿತ್ತು. ಹಾಗೆ ಸುಣ್ಣಕ್ಕೆ ಬಂದೆ, ಅಂದರೆ ಕ್ಯಾಲ್ಸಿಯಂ ಆಕ್ಸೈಡ್‌ಗೆ.

ಮೊದಲು ದುಡ್ಡು ಹಾಕಿದ್ದು ಡಬ್ಬಿಯಲ್ಲಿ ಬಂದ ನ್ಯಾನೊ ಪುಡಿಗೆ. ಹೊರ ರಾಜ್ಯದ ಒಬ್ಬ ಮಾರಾಟಗಾರರಿಂದ ತರಿಸಿದೆ. ನೂರು ಗ್ರಾಂಗೆ ಆರು ಸಾವಿರದ ಹತ್ತಿರ ಆಯಿತು. ಚೀಟಿಯಲ್ಲಿ ಐವತ್ತು ನ್ಯಾನೊಮೀಟರ್ ಎಂದಿತ್ತು. ಎಣ್ಣೆಗೆ ಹಾಕಿ ನಾಲ್ಕೈದು ಗಂಟೆ ತಿರುಗಿಸಿದರೂ ಏನೂ ಆಗಲಿಲ್ಲ. ಹಾಕಿದ ಎಣ್ಣೆ ಹಾಕಿದಂತೆಯೇ ಇತ್ತು. ಉಳಿದ ಪುಡಿಯನ್ನು ಧಾರವಾಡಕ್ಕೆ ಒಯ್ದು ಎಕ್ಸ್‌ಆರ್‌ಡಿ ಮಾಡಿಸಿದೆ, ಎಕ್ಸ್-ರೇ ಹಾಯಿಸಿ ಪುಡಿಯಲ್ಲಿ ಯಾವ ವಸ್ತು ಇದೆ ಎಂದು ನೋಡುವ ಪರೀಕ್ಷೆ ಅದು. ಗ್ರಾಫ್ ನೋಡಿದರೆ 29.4 ಡಿಗ್ರಿಯಲ್ಲಿ ಎತ್ತರದ ಪೀಕ್. ಅದು ಕಾರ್ಬೊನೇಟ್. 18 ಮತ್ತು 34ರಲ್ಲಿ ಹೈಡ್ರಾಕ್ಸೈಡ್. ಆಕ್ಸೈಡಿನ ಪೀಕ್ 32 ಮತ್ತು 37ರಲ್ಲಿ ಇರಬೇಕು, ಹುಡುಕಿ ನೋಡುವಷ್ಟು ಸಣ್ಣದಾಗಿತ್ತು. ಅಂದರೆ ಡಬ್ಬಿಯಲ್ಲೇ ಕೂತು ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಪುಡಿ ಸತ್ತಿತ್ತು.

ಆರು ಸಾವಿರ ಹೋಯಿತು. ಆದರೆ ಇಡೀ ಕೆಲಸದ ಮುಖ್ಯ ವಿಷಯ ಅಲ್ಲೇ ಗೊತ್ತಾಯಿತು. ಪುಡಿ ಸಣ್ಣದಾದಷ್ಟೂ ಬೇಗ ಸಾಯುತ್ತದೆ. ಮೈ ಜಾಸ್ತಿ ಇದ್ದರೆ ಎಣ್ಣೆಯ ಜೊತೆ ಎಷ್ಟು ಚುರುಕೋ ಗಾಳಿಯ ಜೊತೆಯೂ ಅಷ್ಟೇ ಚುರುಕು. ನ್ಯಾನೊ ಸುಣ್ಣ ಅಂಗಡಿಯಿಂದ ತಂದು ಕಪಾಟಿನಲ್ಲಿ ಇಡುವ ಮಾಲಲ್ಲ. ಮಾಡಿದ ದಿನವೇ ಬಳಸಬೇಕು, ಇಲ್ಲವೇ ಗಾಳಿ ಮುಟ್ಟದ ಹಾಗೆ ಮುಳುಗಿಸಿಡಬೇಕು.

ಆಮೇಲೆ ಊರಿನ ಸುಣ್ಣದ ಗೂಡಿನಿಂದ ಚಿಪ್ಪಿನ ಸುಣ್ಣ ತಂದೆ. ಕಿಲೊಗೆ ಕೆಲವೇ ರೂಪಾಯಿ. ಗೂಡಿನ ಅಜ್ಜ ಅವತ್ತೇ ಹೇಳಿದ್ದರು, "ಸುಣ್ಣ ಹಾಕಿದ್ರೆ ಎಣ್ಣೆ ಸಾಬೂನಾಗ್ತದೆ ತಮಾ, ಡೀಸೆಲ್ ಆಗೂದಿಲ್ಲ." ಅವರ ಮಾತಿನಂತೆಯೇ ಆಯಿತು. ಪಾತ್ರೆಯೊಳಗೆ ಇಡೀ ಎಣ್ಣೆ ಗಟ್ಟಿ ಲೋಳೆಯಾಗಿ ಕೂತಿತು. ಮೋಟರ್ ತಿರುಗದೆ ನಿಂತಿತು. ಕಾರಣ ಸುಣ್ಣದ್ದಲ್ಲ. ಗೂಡಿನಲ್ಲಿ ಚಿಪ್ಪು ಮತ್ತು ಇದ್ದಿಲು ಒಂದರ ಮೇಲೊಂದು ಹಾಸಿ ಸುಡುತ್ತಾರೆ. ಬೂದಿ ಸುಣ್ಣದಲ್ಲೇ ಉಳಿಯುತ್ತದೆ, ಬೂದಿಯಲ್ಲಿ ಪೊಟ್ಯಾಶ್ ಇರುತ್ತದೆ. ಜೊತೆಗೆ ಗೂಡಿನ ಅಂಚಿನ ಚಿಪ್ಪು ಅರೆಬೆಂದಿರುತ್ತದೆ. ಗೋಡೆಗೆ ಬಳಿಯಲು ಅದು ಸಾಕು, ನಮ್ಮ ಕೆಲಸಕ್ಕೆ ಸಾಲದು.

ಹೀಗಾಗಿ ಬೆಂಕಿಯೂ ನನ್ನದೇ ಆಗಬೇಕು ಎಂದು ನಿಶ್ಚಯ ಮಾಡಿದೆ. ಹೊಸ ಮಫಲ್ ಫರ್ನೇಸ್ (ಕರೆಂಟಿನ ಮುಚ್ಚಿದ ಕುಲುಮೆ) ಬೆಲೆ ಕೇಳಿದರೆ ಕೈ ಸುಡುತ್ತದೆ. ಹಲ್ಲಿನ ಕ್ಯಾಪ್ ಮಾಡುವ ಡೆಂಟಲ್ ಲ್ಯಾಬಿನವರು ಹಳೆಯ ಫರ್ನೇಸ್ ಮಾರುತ್ತಾರೆ ಎಂದು ಗೊತ್ತಾಯಿತು. ಸಾವಿರ ಡಿಗ್ರಿ ತನಕ ಹೋಗುವಂಥದ್ದು. ಹದಿನಾರೋ ಹದಿನೇಳೋ ಸಾವಿರಕ್ಕೆ ಸಿಕ್ಕಿತು. ಕಾಯಿಲ್ ಮತ್ತು ಬಿಸಿ ಅಳೆಯುವ ಥರ್ಮೊಕಪಲ್ ಬದಲಾಯಿಸಲು ಇನ್ನೊಂದು ಮೂರು ಸಾವಿರ. ಚಿನ್ನದ ಕೆಲಸದವರ ಹತ್ತಿರವೂ ಕೇಳಿ ನೋಡಿ, ಕೆಲವೊಮ್ಮೆ ಇರುತ್ತದೆ.

ಚಿಪ್ಪಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಾನು ತಿಂದು ಬಿಟ್ಟ ಚಿಪ್ಪು ಮಾತ್ರ ತರುತ್ತೇನೆ. ಬಳಚು ಬೇಯಿಸಿ ಮಾಂಸ ಬಿಡಿಸಿ ಮಾರುವ ಹೆಂಗಸರ ಮನೆ ಹಿಂದೆ ರಾಶಿಗಟ್ಟಲೆ ಬಿದ್ದಿರುತ್ತದೆ. "ಒಯ್ಯಿ ಅಣ್ಣ, ಜಾಗ ಖಾಲಿ ಆಗ್ತದೆ" ಎನ್ನುತ್ತಾರೆ. ಚೀಲಕ್ಕೆ ಇಷ್ಟು ಎಂದು ಕೊಡುತ್ತೇನೆ, ಸುಮ್ನೆ ತರುವುದಿಲ್ಲ. ನದಿಯೊಳಗಿನ ಹಳೆಯ ಚಿಪ್ಪಿನ ಪದರ ತೋಡಿಸುವುದು ನನ್ನಿಂದ ಆಗದು. ಅಲ್ಲೇ ಮರಿ ಬಳಚು ಬೆಳೆಯುವುದು. ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ. ಆ ಪಟ್ಟಿಗೆ ಸೇರುವ ಮೊದಲೂ ಆ ನದಿಯಿಂದಲೇ ಎಷ್ಟೋ ಮನೆಗಳ ಒಲೆ ಉರಿಯುತ್ತಿತ್ತು. ಪರಿಸರದ ಹೆಸರಿನಲ್ಲಿ ಕೆಲಸ ಮಾಡಿ ನದಿಯ ಹೊಟ್ಟೆ ಬಗೆಯುವುದು ಸರಿಯಲ್ಲ.

ತಂದ ಚಿಪ್ಪನ್ನು ಸಿಹಿ ನೀರಿನಲ್ಲಿ ನಾಲ್ಕೈದು ಸಲ ತೊಳೆಯಬೇಕು. ಉಪ್ಪು ಉಳಿಯಬಾರದು. ಕೊನೆಯ ನೀರನ್ನು ನಾಲಗೆಗೆ ಮುಟ್ಟಿಸಿದರೆ ಗೊತ್ತಾಗುತ್ತದೆ, ಸಿಲ್ವರ್ ನೈಟ್ರೇಟ್ ಇದ್ದರೆ ಒಂದು ಹನಿ ಹಾಕಿ ನೋಡಿ. ಬಿಸಿಲಿಗೆ ಒಣಗಿಸಿ, ಕುಟ್ಟಿ, ರವೆಯಷ್ಟು ದಪ್ಪ ಮಾಡಿ ಫರ್ನೇಸಿಗೆ ಇಡುತ್ತೇನೆ. ನಾಲ್ಕುನೂರು ಡಿಗ್ರಿ ತನಕ ನಿಧಾನ. ಅವಸರ ಮಾಡಿದರೆ ಚಿಪ್ಪು ಪಟಪಟ ಸಿಡಿದು ಕಾಯಿಲ್ ಮೇಲೆ ಬೀಳುತ್ತದೆ. ಆಮೇಲೆ 900ಕ್ಕೆ ಏರಿಸಿ ಮೂರು ನಾಲ್ಕು ಗಂಟೆ. ಕಿಲೊ ಚಿಪ್ಪಿಗೆ 560 ಗ್ರಾಂ ಸುಣ್ಣ ಬಂದರೆ ಪೂರ್ತಿ ಬೆಂದಿದೆ. ಉಳಿದ 440 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗಿ ಹೋಗಿರುತ್ತದೆ. ತಕ್ಕಡಿಯೇ ಇಲ್ಲಿ ದೊಡ್ಡ ಪರೀಕ್ಷೆ. 600 ಗ್ರಾಂ ತೂಗಿದರೆ ಮತ್ತೆ ಬೆಂಕಿಗಿಡಿ. ತೆಳ್ಳಗಿನ ತಿಸ್ರೆ ಚಿಪ್ಪು ಬೇಗ ಬೇಯುತ್ತದೆ. ದಪ್ಪ ಕಲ್ವದ ಚಿಪ್ಪು ಬೇಡ, ಒಳಗೆ ಹಸಿ ಉಳಿಯುತ್ತದೆ.

ಹೀಗೆ ಸುಟ್ಟ ಸುಣ್ಣವನ್ನು ಅರೆದು ನೇರ ಹಾಕಿದರೆ ಕೆಲಸ ಆಗುತ್ತದೆ, ಆದರೆ ಅರ್ಧಂಬರ್ಧ. ಆರು ಗಂಟೆ ತಿರುಗಿಸಿದರೂ ಮುಕ್ಕಾಲು ಪಾಲಿನ ಮೇಲೆ ಹೋಗುತ್ತಿರಲಿಲ್ಲ. ಮಿಕ್ಸರ್‌ನಲ್ಲಿ ಎಷ್ಟು ಅರೆದರೂ ಅಷ್ಟೇ. ಮನೆಯ ಎರಡು ಮಿಕ್ಸರ್ ಜಾರ್ ಹಾಳಾದವು. ಕಾಲೇಜಿನಲ್ಲಿ ಪಾಠ ಮಾಡುವ ಗೆಳೆಯನೊಬ್ಬ ಆಗ ಹೇಳಿದ, "ಪೇಪರಿನಲ್ಲಿ 95 ಪರ್ಸೆಂಟ್ ಅಂತ ಇರ್ತದೆ ಮಾರಾಯ, ಲ್ಯಾಬಿನ ಹೊರಗೆ ಅದು ನಿಲ್ಲೂದಿಲ್ಲ. ಕಾಸ್ಟಿಕ್ ಹಾಕು, ಸುಮ್ನಿರು."

ದಾರಿ ಸಿಕ್ಕಿದ್ದು ನೀರಿನಿಂದ. ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಕುದಿಯುತ್ತದೆ, ಉಬ್ಬುತ್ತದೆ, ತಾನಾಗಿಯೇ ಪುಡಿಯಾಗುತ್ತದೆ. ಗಟ್ಟಿ ಹರಳನ್ನು ಒಳಗಿನಿಂದಲೇ ಒಡೆಯುವ ಕೆಲಸ ಅದು, ಯಾವ ಮಿಕ್ಸರೂ ಹಾಗೆ ಒಡೆಯುವುದಿಲ್ಲ. ಆ ಅರಳಿದ ಸುಣ್ಣವನ್ನು ಒಣಗಿಸಿ ಎರಡನೇ ಸಲ ಫರ್ನೇಸಿಗೆ ಇಟ್ಟೆ. ಈ ಸಲ 600 ಡಿಗ್ರಿ, ಎರಡೂವರೆ ಗಂಟೆ. ನೀರು ಹಾರಿ ಹೋಗಿ ಮತ್ತೆ ಆಕ್ಸೈಡ್ ಉಳಿಯುತ್ತದೆ, ಆದರೆ ಮೊದಲಿನ ದಪ್ಪ ಹರಳಲ್ಲ. ಈ ಸಲ 900ಕ್ಕೆ ಏರಿಸಲೇಬಾರದು. ಏರಿಸಿದರೆ ಸಣ್ಣ ಹರಳುಗಳು ಒಂದಕ್ಕೊಂದು ಬೆಸೆದುಕೊಂಡು ಮೊದಲಿನಂತೆಯೇ ಆಗುತ್ತವೆ.

ಧಾರವಾಡದಲ್ಲಿ ಎರಡನ್ನೂ ಎಕ್ಸ್‌ಆರ್‌ಡಿಗೆ ಕೊಟ್ಟೆ. ಪೀಕಿನ ಅಗಲದಿಂದ ಹರಳಿನ ಗಾತ್ರ ಹೇಳುವ ಶೆರರ್ ಸೂತ್ರ ಹಾಕಿ ಲೆಕ್ಕ ಮಾಡಿದರೆ ಒಂದೇ ಸಲ ಸುಟ್ಟದ್ದು ಎಂಬತ್ತು ನ್ಯಾನೊಮೀಟರ್ ದಾಟಿತ್ತು. ಅರಳಿಸಿ ಸುಟ್ಟದ್ದು ಮೂವತ್ತರ ಆಸುಪಾಸು. ಎಸ್‌ಇಎಂ (ಎಲೆಕ್ಟ್ರಾನ್ ಮೈಕ್ರೊಸ್ಕೋಪ್) ಚಿತ್ರದಲ್ಲಿ ಮಾತ್ರ ಮುದ್ದೆ ಮುದ್ದೆಯಾಗಿಯೇ ಕಾಣುತ್ತದೆ, ಮುದ್ದೆ ಮೈಕ್ರಾನ್ ಲೆಕ್ಕದ್ದು. ಇದನ್ನು ನೋಡಿ ಇದು ನ್ಯಾನೊ ಅಲ್ಲ ಎಂದವರಿದ್ದಾರೆ. ಮುದ್ದೆ ದೊಡ್ಡದಿರಲಿ. ಅದರೊಳಗಿನ ಹರಳು ಸಣ್ಣದಿದ್ದು ನಡುವೆ ಸಂದು ಇದ್ದರೆ ಮೆಥನಾಲ್ ಒಳಗೆ ಹೋಗುತ್ತದೆ. ನಮಗೆ ಬೇಕಾದ್ದು ಅಷ್ಟೇ. ಮುದ್ದೆ ದೊಡ್ಡದಿರುವುದರಿಂದ ಬಟ್ಟೆಯಲ್ಲಿ ಸೋಸಲೂ ಬರುತ್ತದೆ, ಅದು ಲಾಭವೇ ಅಲ್ವಾ?

ಅರಳಿಸುವ ನೀರಿಗೆ ನಾನು ಒಂದು ವಸ್ತು ಸೇರಿಸುತ್ತೇನೆ. ಅಡುಗೆಮನೆಯಲ್ಲೇ ಇರುವಂಥದ್ದು, ಕಿಲೊಗೆ ಎರಡು ಚಮಚೆ. ಅದು ಏನು ಎಂದು ಈಗ ಹೇಳುವುದಿಲ್ಲ. ಅದಿಲ್ಲದೆಯೂ ಕೆಲಸ ಆಗುತ್ತದೆ, ಅದಿದ್ದರೆ ಸುಮಾರು ಅರ್ಧ ಗಂಟೆ ಉಳಿಯುತ್ತದೆ.

ಬೇಸಿಗೆಯಲ್ಲಿ ಎಲ್ಲ ಸರಿಹೋಯಿತು. ಏಪ್ರಿಲ್, ಮೇ ಪೂರ್ತಿ ಒಳ್ಳೆಯ ಮಾಲು ಬಂತು. ಜೂನ್ ಮೊದಲ ಮಳೆ ಬಿದ್ದದ್ದೇ ತಡ, ಅದೇ ಚಿಪ್ಪು, ಅದೇ ಫರ್ನೇಸ್, ಅದೇ ಎಣ್ಣೆ, ಆದರೂ ಡೀಸೆಲ್ ಇಲ್ಲ. ನಮ್ಮ ಕರಾವಳಿಯ ಮಳೆಗಾಲದ ಗಾಳಿಯಲ್ಲಿ ಉಪ್ಪಿನ ಡಬ್ಬಿಯೇ ನೀರಾಗುತ್ತದೆ. ಫರ್ನೇಸಿನಿಂದ ತೆಗೆದು, ತೂಗಿ, ಪಾತ್ರೆಗೆ ಹಾಕುವ ಕಾಲು ಗಂಟೆಯಲ್ಲೇ ಪುಡಿ ಅರ್ಧ ಸಾಯುತ್ತಿತ್ತು. ಜೂನ್‌ನಿಂದ ಸೆಪ್ಟೆಂಬರ್ ತನಕ ಸುಮಾರು ಹನ್ನೆರಡು ಸಾವಿರದ ಎಣ್ಣೆ, ಮೆಥನಾಲ್ ಹೋಯಿತು. ನೂರು ಗ್ರಾಂ ಪುಡಿಯನ್ನು ತಟ್ಟೆಯಲ್ಲಿ ಹರಡಿ ತಕ್ಕಡಿಯ ಮೇಲೆಯೇ ಬಿಟ್ಟು ನೋಡಿದ್ದೇನೆ. ಕಣ್ಣೆದುರೇ ಅಂಕಿ ಏರುತ್ತಾ ಹೋಗುತ್ತದೆ.

ಇದಕ್ಕೆ ಉತ್ತರ ಮೆಥನಾಲ್‌ನಲ್ಲೇ ಇತ್ತು. 600 ಡಿಗ್ರಿಯ ಪುಡಿಯನ್ನು ಫರ್ನೇಸಿನೊಳಗೇ 150ರ ತನಕ ತಣಿಸುತ್ತೇನೆ. ಆಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಸುರಿದು ಮುಚ್ಚುತ್ತೇನೆ. ಡಬ್ಬಿ ಕೈಗೆ ಪೂರ್ತಿ ತಣ್ಣಗಾದ ಮೇಲೆ ಮುಚ್ಚಳ ತೆಗೆದು ಒಮ್ಮೆಲೇ ಮೆಥನಾಲ್ ಹಾಕಿ ಮುಳುಗಿಸುತ್ತೇನೆ. ಬಿಸಿ ಪುಡಿಯ ಮೇಲೆ ಮೆಥನಾಲ್ ಯಾವತ್ತೂ ಸುರಿಯಬೇಡಿ, ಭಗ್ ಎಂದು ಹೊತ್ತುತ್ತದೆ. ಮೆಥನಾಲ್ ಒಳಗಿದ್ದರೆ ಗಾಳಿ ಮುಟ್ಟುವುದಿಲ್ಲ. ಅಷ್ಟೇ ಅಲ್ಲ, ಪುಡಿಯ ಮೈಮೇಲೆ ಸುಣ್ಣ, ಮೆಥನಾಲ್ ಸೇರಿ ಮೆಥಾಕ್ಸೈಡ್ ಆಗಲು ಶುರುವಾಗಿ ಅದು ಇನ್ನೂ ಚುರುಕಾಗುತ್ತದೆ. ಹಿಂದಿನ ಬ್ಯಾಚಿನ ಗ್ಲಿಸರಾಲ್ ಸ್ವಲ್ಪ ಸೇರಿಸಿದರೆ ಮೊದಲಿನ ಮಂದ ಅರ್ಧ ಗಂಟೆಯೂ ಹೋಗುತ್ತದೆ. ಸುಣ್ಣ, ಗ್ಲಿಸರಾಲ್ ಸೇರಿ ಕ್ಯಾಲ್ಸಿಯಂ ಡೈಗ್ಲಿಸರಾಕ್ಸೈಡ್ ಆಗುತ್ತದೆ, ಅದು ಗಾಳಿಗೆ ಅಷ್ಟು ಬೇಗ ಸಾಯುವುದಿಲ್ಲ. ಎಷ್ಟು ಗ್ಲಿಸರಾಲ್, ಮೊದಲೋ ಮೆಥನಾಲ್ ನಂತರವೋ ಎನ್ನುವುದು ನನ್ನ ಹತ್ತಿರವೇ ಇರಲಿ. ಜಾಸ್ತಿ ಹಾಕಿದರೆ ಕೆಟ್ಟದ್ದೇ ಆಗುತ್ತದೆ ಎಂದಷ್ಟು ಹೇಳಬಲ್ಲೆ.

ಇನ್ನು ಎಣ್ಣೆ. 2018ರ ಜುಲೈನಿಂದ ಕರಿದ ಎಣ್ಣೆಯಲ್ಲಿ ಪೋಲಾರ್ ಅಂಶ (ಮತ್ತೆ ಮತ್ತೆ ಕರಿದು ಎಣ್ಣೆ ಕೆಟ್ಟು ಆಗುವ ಅಂಶ) 25 ಪರ್ಸೆಂಟ್ ದಾಟಿದರೆ ಅಡುಗೆಗೆ ಬಳಸಬಾರದು ಎಂಬ ನಿಯಮ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐ ಬಳಸಿದ ಎಣ್ಣೆಯನ್ನು ಬಯೋಡೀಸೆಲ್‌ಗೆ ತಿರುಗಿಸುವ ರುಕೊ ಯೋಜನೆ ಶುರು ಮಾಡಿತು. ಆಮೇಲೆ ಹೋಟೆಲಿನವರಿಗೆ ಹಳೆ ಎಣ್ಣೆಗೂ ಬೆಲೆ ಇದೆ ಎಂದು ಗೊತ್ತಾಯಿತು. ಮೊದಲು ಇಪ್ಪತ್ತೈದಕ್ಕೆ ಸಿಗುತ್ತಿದ್ದ ಲೀಟರ್ ಈಗ ನಲವತ್ತೈದು, ಐವತ್ತು. ನಮ್ಮ ಕಡೆಯ ಮೀನಿನ ಹೋಟೆಲಿನ ಎಣ್ಣೆ ತುಂಬ ಕಷ್ಟದ್ದು. ಮೀನಿಗೆ ರವೆ ಹಚ್ಚಿ ಕರಿಯುತ್ತಾರಲ್ಲ, ಆ ರವೆ ಡಬ್ಬದ ತಳದಲ್ಲಿ ಕೂತು ನೀರು ಹಿಡಿದಿಡುತ್ತದೆ. ಆಸಿಡ್ ವ್ಯಾಲ್ಯೂ, ಅಂದರೆ ಎಣ್ಣೆಯಲ್ಲಿ ಬಿಡಿಯಾಗಿರುವ ಆಮ್ಲದ ಅಳತೆ, ಆರು ಏಳು ಬಂದದ್ದೂ ಇದೆ. ಅಂಥದಕ್ಕೆ ಸುಣ್ಣ ಹಾಕಿದರೆ ಕ್ಯಾಲ್ಸಿಯಂ ಸಾಬೂನು ಆಗಿ ಪುಡಿಯ ಮೈಗೆ ಮೆತ್ತಿಕೊಳ್ಳುತ್ತದೆ. ಸಲ್ಫ್ಯೂರಿಕ್ ಆಸಿಡ್ ಹಾಕಿ ಮೊದಲ ಹಂತ ಮಾಡಿ ನೋಡಿದೆ. ಆಸಿಡ್ ಸ್ವಲ್ಪ ಉಳಿದರೂ ಸುಣ್ಣ ಜಿಪ್ಸಂ ಆಗುತ್ತದೆ, ಎರಡು ಹಂತ ಮಾಡುವ ಖರ್ಚೂ ಸರಿಬರಲಿಲ್ಲ.

ಹಾಗಾಗಿ ಈಗ ಮುಖ್ಯವಾಗಿ ಬಾಳೆಕಾಯಿ, ಹಲಸಿನ ಚಿಪ್ಸ್ ಮಾಡುವವರ ಎಣ್ಣೆ ತರುತ್ತೇನೆ. ಅದು ಸ್ವಚ್ಛ, ಆಸಿಡ್ ವ್ಯಾಲ್ಯೂ ಎರಡರ ಒಳಗೇ ಇರುತ್ತದೆ. ಮೀನು ಕರಿದ ಎಣ್ಣೆಯನ್ನು ನಾಲ್ಕಕ್ಕೆ ಒಂದು ಪಾಲು ಮಾತ್ರ ಸೇರಿಸುತ್ತೇನೆ. ಎರಡು ದಿನ ತಿಳಿಯಾಗಲು ಬಿಟ್ಟು, ಮೇಲಿನದನ್ನು ಬಗ್ಗಿಸಿ, 110 ಡಿಗ್ರಿಗೆ ಕಾಯಿಸಿ ಗುಳ್ಳೆ ನಿಲ್ಲುವ ತನಕ ಒಣಗಿಸುತ್ತೇನೆ. ಈ ಕೆಲಸ ಮೆಥನಾಲ್ ಇರುವ ಕೋಣೆಯಿಂದ ದೂರ.

ಹತ್ತು ಲೀಟರ್ ಎಣ್ಣೆಗೆ ನನ್ನ ಲೆಕ್ಕ ಹೀಗಿದೆ. ಮೆಥನಾಲ್ ಮೂರು ಮುಕ್ಕಾಲು ಲೀಟರ್, ಅಂದರೆ ಎಣ್ಣೆಯ ಒಂದು ಮೋಲ್‌ಗೆ ಮೆಥನಾಲ್ ಒಂಬತ್ತು ಮೋಲ್. ಸುಣ್ಣ 350ರಿಂದ 400 ಗ್ರಾಂ. ಬಿಸಿ 60 ಡಿಗ್ರಿ, 64 ದಾಟಿದರೆ ಮೆಥನಾಲ್ ಕುದಿಯುತ್ತದೆ. ಎರಡೂವರೆಯಿಂದ ಮೂರು ಗಂಟೆ ತಿರುಗಬೇಕು. ಪಾತ್ರೆ ಸ್ಟೀಲಿನದೇ ಇರಲಿ, ಅಲ್ಯೂಮಿನಿಯಂ ಹಾಲಿನ ಕ್ಯಾನ್ ಬೇಡ. ಬಿಸಿಗೆ ಪಾತ್ರೆಯ ಸುತ್ತ ಬಿಸಿನೀರಿನ ಜಾಕೆಟ್ ಮಾಡಿದ್ದೇನೆ, ನೀರು ಬರುವುದು ಚಾವಣಿಯ ಸೋಲಾರ್ ಹೀಟರ್‌ನಿಂದ. ಬೇಸಿಗೆಯಲ್ಲಿ ಒಂದು ಪೈಸೆ ಖರ್ಚಿಲ್ಲ, ಬೆಂಕಿಯೂ ಹತ್ತಿರ ಇಲ್ಲ. ಮಳೆಗಾಲದಲ್ಲಿ ಹೊರಗಿನ ಬಚ್ಚಲ ಹಂಡೆಯಿಂದ ಪೈಪ್ ಎಳೆಯುತ್ತೇನೆ. ಮೋಟರ್ ಗೋಡೆಯ ಆಚೆ ಇದೆ, ಶಾಫ್ಟ್ ಮಾತ್ರ ಒಳಗೆ. ಮೆಥನಾಲ್ ಕಣ್ಣು ತೆಗೆಯುವ ವಿಷ. ಕಾಗದಪತ್ರ ಇಲ್ಲದೆ ಸಿಗುವುದೂ ಇಲ್ಲ, ಸಿಗಬಾರದು ಕೂಡ.

ಆಗಿದೆಯೋ ಇಲ್ಲವೋ ನೋಡಲು ನನ್ನ ಬಳಿ ಗ್ಯಾಸ್ ಕ್ರೊಮಟೊಗ್ರಾಫ್ ಎಂಬ ಯಂತ್ರ ಇಲ್ಲ. 27 ಮಿ.ಲೀ. ಮೆಥನಾಲ್‌ಗೆ 3 ಮಿ.ಲೀ. ಬಯೋಡೀಸೆಲ್ ಹಾಕಿ ಕುಲುಕಿ ಅರ್ಧ ಗಂಟೆ ಬಿಡುತ್ತೇನೆ. ಕೆಮ್ಮಿನ ಔಷಧಿಯ ಗಾಜಿನ ಬಾಟಲಿ ಇದಕ್ಕೆ ಸಾಕು. ಪೂರ್ತಿ ಕರಗಿ ತಿಳಿಯಾಗಿ ನಿಂತರೆ ಪಾಸ್. ತಳದಲ್ಲಿ ಒಂದು ಸಾಸಿವೆ ಕಾಳಿನಷ್ಟು ಎಣ್ಣೆಯ ಹನಿ ಕೂತರೂ ಮತ್ತೆ ತಿರುಗಿಸಬೇಕು. ಮೊದಲ ಸಲ ಬಾಟಲಿಯ ತಳ ಪೂರ್ತಿ ಖಾಲಿ ಕಂಡಾಗ ಬೆಳಕಿಗೆ ಹಿಡಿದು ಎಷ್ಟು ಸಲ ಓರೆ ಮಾಡಿ ನೋಡಿದೆನೋ. ಆ ಬ್ಯಾಚ್ ಧಾರವಾಡದಲ್ಲಿ ಪರೀಕ್ಷೆ ಮಾಡಿಸಿದಾಗ 94, 95 ಪರ್ಸೆಂಟ್ ಎಸ್ಟರ್ (ಅಸಲಿ ಬಯೋಡೀಸೆಲ್ ಅಂಶ) ಬಂತು. ಆ ಗ್ರಾಫನ್ನು ಕಾಲೇಜಿನ ಗೆಳೆಯನ ಟೇಬಲ್ ಮೇಲೆ ಇಟ್ಟೆ. ಈಗ ಅವನೇ ತನ್ನ ವಿದ್ಯಾರ್ಥಿಗಳನ್ನು ಪ್ರಾಜೆಕ್ಟಿಗೆ ನನ್ನ ವರ್ಕ್‌ಶಾಪಿಗೆ ಕಳಿಸುತ್ತಾನೆ.

ಇಷ್ಟಾದರೂ ಮುಗಿಯಲಿಲ್ಲ. ಇಂಜಿನ್ ನೋಡುವವನಾದ್ದರಿಂದ ನನಗೆ ಕೊನೆಯ ತೀರ್ಪು ಇಂಜಿನ್ನಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರ್ ಕೊಡಬೇಕು. ಅರವತ್ತು ಎಪ್ಪತ್ತು ಗಂಟೆ ಓಡಿಸಿ ಇಂಜೆಕ್ಟರ್ ಬಿಚ್ಚಿದೆ. ನಾಝಲ್ ತೂತಿನ ಸುತ್ತ ಬೆಳ್ಳಗಿನ ಗಟ್ಟಿ ಪೊರೆ. ಉಗುರಿಗೆ ಬರುವುದಿಲ್ಲ, ವಿನೆಗರ್ ಹನಿ ಹಾಕಿದರೆ ನೊರೆ ಬರುತ್ತದೆ. ಸುಣ್ಣ! ಕರಗುವುದಿಲ್ಲ ಎಂದು ಎಷ್ಟು ಹೇಳಿದರೂ ಈ ಕ್ಯಾಟಲಿಸ್ಟ್ ಸ್ವಲ್ಪ ಕರಗುತ್ತದೆ. ಪರೀಕ್ಷೆ ಮಾಡಿಸಿದರೆ ಕಿಲೊಗೆ ಕೆಲವು ನೂರು ಮಿಲಿಗ್ರಾಂ ಕ್ಯಾಲ್ಸಿಯಂ. ಯುರೋಪಿನ ಮಾನದಂಡದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಸೇರಿ 5 ಮಿಲಿಗ್ರಾಂ ದಾಟಬಾರದು. ನೀರಿನಲ್ಲಿ ತೊಳೆದರೆ ಮಜ್ಜಿಗೆಯಂತೆ ಬೆರೆತುಕೊಂಡು ಎರಡು ದಿನವಾದರೂ ಬಿಡುವುದಿಲ್ಲ. ಮತ್ತೆ ನೀರು ಹಾಳು ಮಾಡುವುದಾದರೆ ಕಾಸ್ಟಿಕ್ ಬಿಟ್ಟು ಬಂದದ್ದೇ ವ್ಯರ್ಥ.

ಇಲ್ಲಿ ಕೈ ಹಿಡಿದದ್ದು ಭತ್ತದ ಉಮಿ. ಉಮಿ ಸುಟ್ಟ ಬೂದಿಯಲ್ಲಿ ಹತ್ತರಲ್ಲಿ ಎಂಟೊಂಬತ್ತು ಪಾಲು ಸಿಲಿಕಾ ಇರುತ್ತದೆ, ಅದೂ ಸಣ್ಣ ಸಣ್ಣ ರಂಧ್ರಗಳ ಸಿಲಿಕಾ. ಗಜನಿಯ ಕಗ್ಗ ಭತ್ತದ ಉಮಿ ನಮ್ಮ ಮನೆಯಲ್ಲೇ ಇತ್ತು. 600 ಡಿಗ್ರಿಯಲ್ಲಿ ಬೆಳ್ಳಗಾಗುವ ತನಕ ಸುಟ್ಟೆ, ಸಿಟ್ರಿಕ್ ಆಸಿಡ್ ನೀರಿನಲ್ಲಿ ನೆನೆಸಿ ಒಣಗಿಸಿದೆ. ಪಿವಿಸಿ ಬೇಡ, ಸ್ಟೀಲ್ ಪೈಪಿನಲ್ಲಿ ಎರಡಡಿ ತುಂಬಿದೆ. ಮೆಥನಾಲ್ ತೆಗೆದ ಬಯೋಡೀಸೆಲ್ ಅದರಲ್ಲಿ ಹನಿ ಹನಿಯಾಗಿ ಇಳಿದರೆ ಕ್ಯಾಲ್ಸಿಯಂ ಹತ್ತು ಮಿಲಿಗ್ರಾಂಗೆ ಬರುತ್ತದೆ. ಎರಡನೇ ಪೈಪ್ ಇಟ್ಟರೆ ಐದರ ಹತ್ತಿರ. ನೀರು ಒಂದು ಲೋಟವೂ ಬೇಡ. ಆಮೇಲೆ ನೂರು ಗಂಟೆ ದಾಟಿಸಿ ಬಿಚ್ಚಿದ ನಾಝಲ್ ಈಗಲೂ ಟೇಬಲ್ ಮೇಲಿದೆ, ಯಾರು ಬಂದರೂ ತೋರಿಸುತ್ತೇನೆ. ಇಂಥ ಸ್ವಚ್ಛ ನಾಝಲ್ ಪೂರ್ತಿ ಡೀಸೆಲ್ ಹಾಕಿ ಓಡಿಸಿದ ಇಂಜಿನ್‌ನಲ್ಲೂ ಕಡಿಮೆ ನೋಡಿದ್ದೇನೆ.

ಒಂದೇ ಪುಡಿಯನ್ನು ಬೇಸಿಗೆಯಲ್ಲಿ ನಾಲ್ಕು ಬ್ಯಾಚ್ ಬಳಸಬಹುದು, ಮಳೆಗಾಲದಲ್ಲಿ ಎರಡು, ಹೆಚ್ಚೆಂದರೆ ಮೂರು. ಆಮೇಲೆ ಮೆಥನಾಲ್ ಹಾರಿಸಿ ಒಣಗಿಸಿ ಮತ್ತೆ ಸುಟ್ಟರೆ ಒಂದೆರಡು ಸಲ ಬರುತ್ತದೆ. ಚಿಪ್ಪು ಸುಡುವಾಗ ಇಂಗಾಲದ ಡೈಆಕ್ಸೈಡ್ ಹೋಗುವುದಿಲ್ಲವೇ ಎಂದು ವಿದ್ಯಾರ್ಥಿಯೊಬ್ಬಳು ಕೇಳಿದಳು, ಒಳ್ಳೆಯ ಪ್ರಶ್ನೆ. ಹತ್ತು ಲೀಟರ್ ಎಣ್ಣೆಗೆ ಚಿಪ್ಪು ಸುಮಾರು 650 ಗ್ರಾಂ, ಹೋಗುವ ಅನಿಲ 300 ಗ್ರಾಂ ಒಳಗೆ. ಹತ್ತು ಲೀಟರ್ ಡೀಸೆಲ್ ಉರಿಸಿದರೆ 26 ಕಿಲೊ ದಾಟುತ್ತದೆ. ಫರ್ನೇಸಿನ ಕರೆಂಟ್ ಮತ್ತು ಮೆಥನಾಲ್ ಲೆಕ್ಕ ಬೇರೆ. ಅದೆಲ್ಲ ಸೇರಿಸಿದರೂ ತಕ್ಕಡಿ ನಮ್ಮ ಕಡೆಗೇ ವಾಲುತ್ತದೆ.

ನಡುವೆ ಬೇರೆ ಕೆಲವು ಪ್ರಯೋಗವೂ ಮಾಡಿದೆ. ಹೊನ್ನೆ ಎಣ್ಣೆ ನಮ್ಮ ಕರಾವಳಿಯ ಹಳೆಯ ದೀಪದ ಎಣ್ಣೆ. ಸಮುದ್ರದ ಬದಿಯಲ್ಲಿ ಮರ ಬೇಕಾದಷ್ಟಿದೆ, ಕಾಯಿ ಸುಮ್ನೆ ಬಿದ್ದು ಹೋಗುತ್ತದೆ. ಆಸೆಯಿಂದ ಗಾಣಕ್ಕೆ ಹಾಕಿಸಿದೆ. ಹಸಿರು ಮಿಶ್ರ ಕಪ್ಪು ಬಣ್ಣ, ಅಂಟು ಬೇರೆ. ಫ್ರೀ ಫ್ಯಾಟಿ ಆಸಿಡ್, ಅಂದರೆ ಬಿಡಿ ಆಮ್ಲ, ಇಪ್ಪತ್ತು ಪರ್ಸೆಂಟ್ ಹತ್ತಿರ. ಸುಣ್ಣ ಅದರ ಮುಂದೆ ನಿಲ್ಲುವುದಿಲ್ಲ. ಹೊನ್ನೆಯನ್ನು ನಾನು ಬಿಟ್ಟಿಲ್ಲ, ಅದಕ್ಕೆ ಆಸಿಡ್ ಗುಣದ ಇನ್ನೊಂದು ಪುಡಿ ಬೇಕು. ಅಡಿಕೆ ಸಿಪ್ಪೆಯ ಇದ್ದಿಲಿಗೆ ಸಲ್ಫ್ಯೂರಿಕ್ ಹಚ್ಚಿ ನೋಡುತ್ತಿದ್ದೇನೆ. ಸತ್ತ ಸುಣ್ಣವನ್ನು ಒಂದು ಬಕೆಟ್ ಸಿಗಡಿ ಕೆರೆಯ ನೀರಿಗೆ ಹಾಕಿ ನೋಡಿದೆ. ಫಾಸ್ಫೇಟ್ ಪಟ್ಟಿಯ ಬಣ್ಣ ಒಂದೇ ರಾತ್ರಿಯಲ್ಲಿ ಇಳಿಯಿತು. ಆದರೆ ಪಿಎಚ್ ಏರಿ ಹನ್ನೊಂದರ ಹತ್ತಿರ ಹೋಯಿತು, ಹಾಗೆ ಕೆರೆಗೆ ಬಿಟ್ಟರೆ ಸಿಗಡಿ ಸಾಯುತ್ತದೆ. ಅದಕ್ಕೆ ಈಗ ಸತ್ತ ಸುಣ್ಣ ಸುಟ್ಟು ತೆಂಗಿನ ಬುಡಕ್ಕೆ ಹೋಗುತ್ತದೆ.

ಶಿರಸಿಯಲ್ಲಿರುವ ಭಾವನಿಗೆ ಒಂದು ಕ್ಯಾನ್ ಕೊಟ್ಟಿದ್ದೆ, ತೋಟದ ಪಂಪಿಗೆ. ಡಿಸೆಂಬರ್ ಬೆಳಿಗ್ಗೆ ಫೋನ್ ಮಾಡಿದ, "ನಿನ್ನ ಡೀಸೆಲ್ ತುಪ್ಪ ಆಯ್ತಲ್ಲೋ." ಚಿಪ್ಸಿನ ಎಣ್ಣೆ ಹೆಚ್ಚಾಗಿ ಪಾಮ್. ಪಾಮ್‌ನ ಬಯೋಡೀಸೆಲ್ 15 ಡಿಗ್ರಿ ಆಸುಪಾಸಿನಲ್ಲೇ ಮಬ್ಬಾಗುತ್ತದೆ. ಕುಮಟಾದಲ್ಲಿ ಅಷ್ಟು ಚಳಿ ಬೀಳುವುದೇ ಅಪರೂಪ, ಘಟ್ಟದ ಮೇಲೆ ಬೀಳುತ್ತದೆ. ಘಟ್ಟದ ಮೇಲಿನವರು ಚಳಿಗಾಲದಲ್ಲಿ ಇಪ್ಪತ್ತು ಪರ್ಸೆಂಟ್ ಮಾತ್ರ ಬೆರೆಸಿ. ಎಲ್ಲರೂ ಹಳೆಯ ರಬ್ಬರ್ ಪೈಪ್ ಬದಲಾಯಿಸಿ, ಬಯೋಡೀಸೆಲ್ ಅದನ್ನು ಉಬ್ಬಿಸುತ್ತದೆ. ಮೊದಲ ತಿಂಗಳು ಫಿಲ್ಟರ್ ಎರಡು ಮೂರು ಸಲ ಕಟ್ಟುತ್ತದೆ. ಟ್ಯಾಂಕಿನ ಹಳೆಯ ಕೊಳೆ ಕಿತ್ತು ಬರುವುದರಿಂದ ಹಾಗೆ, ಹೆದರಬೇಡಿ.

ದುಡ್ಡಿನ ಲೆಕ್ಕ. ಫರ್ನೇಸ್, ಪಾತ್ರೆ, ಮೋಟರ್, ಪರೀಕ್ಷೆ, ಹಾಳಾದ ಮಾಲು ಎಲ್ಲ ಸೇರಿ ಅರವತ್ತು ಸಾವಿರದ ಆಚೀಚೆ. ಈಗ ಲೀಟರಿಗೆ ಎಪ್ಪತ್ತು, ಎಪ್ಪತ್ತೆರಡು ಬೀಳುತ್ತದೆ. ಅದರಲ್ಲಿ ಎಣ್ಣೆಯದೇ ಐವತ್ತು. ಮೆಥನಾಲ್ ಅರ್ಧದಷ್ಟು ವಾಪಸ್ ಹಿಡಿಯುವುದರಿಂದ ಹತ್ತು ಹನ್ನೆರಡು. ಉಳಿದದ್ದು ಕರೆಂಟ್, ಚಿಪ್ಪು, ಉಮಿ. ಬಂಕಿನ ಡೀಸೆಲ್ ತೊಂಬತ್ತರ ಹತ್ತಿರ ಇದೆ. ಬಯೋಡೀಸೆಲ್‌ಗೆ ಶಕ್ತಿ ಹತ್ತು ಪರ್ಸೆಂಟ್ ಕಡಿಮೆ, ಅದನ್ನು ಕಳೆದರೆ ಲೀಟರಿಗೆ ಹತ್ತು ರೂಪಾಯಿ ಗಟ್ಟಿಯಾಗಿ ಉಳಿಯುತ್ತದೆ. ನನಗೆ ತಿಂಗಳಿಗೆ ನೂರೈವತ್ತು ಲೀಟರ್ ಬೇಕು. ಹಾಕಿದ ದುಡ್ಡು ಇನ್ನೂ ಪೂರ್ತಿ ಬಂದಿಲ್ಲ, ಬರುತ್ತದೆ. ಹೊರಗೆ ಮಾರುವುದಿಲ್ಲ. ಮಾರಲು ಲೈಸೆನ್ಸ್, ಮಾನದಂಡ ಎಲ್ಲ ಬೇರೆಯೇ ಇದೆ.

ಖರ್ಚು ಇಳಿಯಬೇಕಾದರೆ ಮೊದಲ ಸುಡುವಿಕೆ ಕರೆಂಟಿನಿಂದ ಹೊರಗೆ ಬರಬೇಕು. ಈಗ ಸುಣ್ಣದ ಗೂಡಿನ ಅಜ್ಜನೇ ಗೂಡಿನ ನಡುವೆ ಜಾಗ ಬಿಟ್ಟು ಕೊಟ್ಟಿದ್ದಾರೆ. ಚಿಪ್ಪನ್ನು ಬಾಯಿ ಮುಚ್ಚಿದ ಮಣ್ಣಿನ ಮಡಕೆಯಲ್ಲಿ ತುಂಬಿ ಇದ್ದಿಲ ನಡುವೆ ಇಟ್ಟರೆ ಬೂದಿ ಸೋಕುವುದಿಲ್ಲ. ಅನಿಲ ಹೋಗಲು ಮುಚ್ಚಳದಲ್ಲಿ ಒಂದು ತೂತು. ಸಾಮಾನ್ಯ ಮಡಕೆ ಅರ್ಧಕ್ಕರ್ಧ ಒಡೆದವು. ಕುಂಬಾರರಿಗೆ ಹೇಳಿ ಉಮಿ ಬೂದಿ ಬೆರೆಸಿದ ದಪ್ಪ ಮಡಕೆ ಮಾಡಿಸಿದ್ದೇನೆ. ಕಳೆದ ಸಲ ಇಟ್ಟದ್ದರಲ್ಲಿ ಒಂದು ಮಾತ್ರ ಬಿರುಕು ಬಿಟ್ಟಿತು. ಒಳಗಿನ ಸುಣ್ಣ ತೂಗಿದರೆ ಕಿಲೊಗೆ 570 ಗ್ರಾಂ ಬಂತು. ಮುಂದಿನ ಗೂಡು ನವೆಂಬರ್‌ನಲ್ಲಿ ಹಚ್ಚುತ್ತಾರೆ, ಅದರಲ್ಲಿ ಇಪ್ಪತ್ತು ಮಡಕೆ ಇಡುವುದೆಂದು ಮಾತಾಗಿದೆ.